ಬಾಬಾ ಎಂಬ ಕರೆ

ನಿವೃತ್ತನಾದ ಮರುವರ್ಷ, ಅಂದರೆ 2018ರಲ್ಲಿ, ಮಗನ ಒತ್ತಾಯಕ್ಕೆ ಮಣಿದು ನಾನೂ ನನ್ನ ಶ್ರೀಮತಿಯೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿ ಐದು ತಿಂಗಳು ಇದ್ದೆವು. ಅಲ್ಲಿಯ ಎಲಿಜಬೆತ್ ಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವವರಲ್ಲಿ ಅರ್ಧ ಮಂದಿ ನಮ್ಮವರು, ಉಳಿದರ್ಧ ಚೀನೀಯರು ಎಂದೇ ನನಗೆ ತೋರುತ್ತಿತ್ತು. ಒಂದು ದಿನ ಹೀಗೆ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಹುಡುಗಿ "ಬಾ ಬಾ" ಎಂದು ಕೂಗಿದಳು. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಗುವ ಪುಳಕವನ್ನು ಅನುಭವಿಸಿದವರೇ ಬಲ್ಲರು. ಇಬ್ಬರೂ ಥಟ್ಟನೆ ತಿರುಗಿದೆವು. ಕೂಗಿದವಳು ಇಪ್ಪತ್ತರ ಚೀನೀ ತರುಣಿ. ಆಕೆ ಕರೆದದ್ದು ನಮ್ಮನ್ನಲ್ಲ, ನಮ್ಮ ಮುಂದೆ ಹೋಗುತ್ತಿದ್ದ ನರೆಗೂದಲಿನ ಎತ್ತರದ ಅಮೆರಿಕನ್ನನನ್ನು. ಚೀನೀ ಭಾಷೆಯಲ್ಲಿ 'ಬಾಬಾ' ಎಂದರೆ ಅಪ್ಪ.

ಆತ ನನ್ನ ಮಗನ ಮನೆಯಿಂದ ಮೂರು ಮನೆ ಆಚೆ ಇದ್ದವನೆಂಬುದು ಆ ದಿನವೇ ತಿಳಿಯಿತು. ಒಹಾಯೊ ರಾಜ್ಯದವನು, ನನ್ನಂತೆಯೇ ಮಾಸ್ತರಿಕೆ ಮಾಡಿದವನು. ಅಂದಿನಿಂದ ನಮ್ಮ ನಡಿಗೆ ಜೊತೆಯಾಯಿತು. ಆತನ ಪತ್ನಿಗೆ ನಾನು ಉಪಾಧ್ಯಾಯನೆಂದು ತಿಳಿದ ಮೇಲೆ ಆಕೆ ನನ್ನನ್ನು 'ಲಾವ್‌ಷಿ' ಎಂದೇ ಕರೆಯತೊಡಗಿದಳು. ಅವರಲ್ಲಿ ಗುರುಗಳನ್ನು ಹೆಸರು ಹಿಡಿದು ಕರೆಯುವಂತಿಲ್ಲವಂತೆ. ಆಕೆಯ ಅಡುಗೆಮನೆಯಿಂದ ಬರುತ್ತಿದ್ದ ಒಂದು ಪರಿಮಳವನ್ನು ನನ್ನ ಶ್ರೀಮತಿ ಮೊದಲ ದಿನವೇ ಗುರುತಿಸಿ, "ಇದು ನಮ್ಮ ಜುಮ್ಮನಕಾಯಿ ಅಲ್ಲವೇ?" ಎಂದಳು. ಹೌದು, ಸಿಚುವಾನ್ ಪ್ರಾಂತದ ಮೆಣಸೂ ನಮ್ಮ ಮಲೆನಾಡಿನ ಜುಮ್ಮನಕಾಯಿಯೂ ಒಂದೇ ಜಾತಿಯ ಗಿಡಗಳು. ನಾಲಗೆಯನ್ನು ಜುಮ್ಮೆನಿಸುವ ಗುಣವೂ ಒಂದೇ. ಇಬ್ಬರು ಹೆಂಗಸರಿಗೂ ಪರಸ್ಪರ ಭಾಷೆ ಬಾರದು, ಆದರೂ ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಏನು ಮಾತನಾಡುತ್ತಿದ್ದರೋ ನಾನು ಕೇಳಲು ಹೋಗಲಿಲ್ಲ.

ಅವರ ಕಥೆಯನ್ನು ನಾನು ತುಣುಕು ತುಣುಕಾಗಿ ಕೇಳಿ ತಿಳಿದದ್ದು. ಆತ ಮೊದಲ ಮದುವೆ ಮುರಿದು ಬಿದ್ದ ಮೇಲೆ 2003ರಲ್ಲಿ ಚೆಂಗ್ಡು ನಗರದ ಒಂದು ಕಾಲೇಜಿಗೆ ಇಂಗ್ಲಿಷ್ ಕಲಿಸಲು ಹೋದನು. ಆಕೆ ಅದೇ ಕಾಲೇಜಿನ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಗಂಡನಿಂದ ವಿಚ್ಛೇದನ ಪಡೆದು ಐದು ವರ್ಷದ ಮಗಳೊಡನೆ ಒಂದು ಕೋಣೆಯ ಮನೆಯಲ್ಲಿದ್ದಳು. ತಾಯಿಯ ಮರುಮದುವೆಯಿಂದ ಮತ್ತೊಂದು ಮನೆ ಸೇರುವ ಮಗುವಿಗೆ ಚೀನೀಯರಲ್ಲಿ 'ತುವೊ ಯೌ ಪಿಂಗ್' ಎಂಬ ಹಳೆಯ ಮಾತುಂಟು. ಎಳೆದುಕೊಂಡು ಬರುವ ಎಣ್ಣೆ ಬಾಟಲಿ ಎಂದು ಅದರ ಅಕ್ಷರಾರ್ಥ. ಎಷ್ಟು ಕ್ರೂರ ಮಾತು! ಆದರೆ ನಾವು ಆಡುವ 'ಮಲಮಗಳು' ಎಂಬ ಮಾತು ಮಾತ್ರ ಏನು ಕಡಿಮೆ? ಆಕೆಯ ತಾಯಿಗೆ ಹೆದರಿಕೆಯಿದ್ದದ್ದು ಅಳಿಯನ ಬಿಳಿ ಬಣ್ಣಕ್ಕಲ್ಲ, ಮೊಮ್ಮಗಳಿಗೆ ಆ ಹೆಸರು ಅಂಟೀತೆಂದು.

ಆತ ಮೊದಲು ಒಲಿಸಿಕೊಳ್ಳಬೇಕಾದದ್ದು ಮಗುವನ್ನು. ಅದಕ್ಕಾಗಿ ಐವತ್ತರ ಹತ್ತಿರದ ವಯಸ್ಸಿನಲ್ಲಿ ಚೀನೀ ಕಲಿಯಲು ಕುಳಿತನು. ಆ ಭಾಷೆಯಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಮತ್ತೊಂದು. 'ಮಾ' ಎಂಬುದನ್ನು ಒಂದು ಬಗೆಯಲ್ಲಿ ಎಳೆದರೆ ತಾಯಿ, ಇನ್ನೊಂದು ಬಗೆಯಲ್ಲಿ ಕುದುರೆ. ಆತ ನಿನ್ನ ತಾಯಿ ಬಂದಳು ಎನ್ನಲು ಹೋಗಿ ನಿನ್ನ ಕುದುರೆ ಬಂದಿತು ಎಂದನಂತೆ. ಹುಡುಗಿ ಮೊದಲ ಬಾರಿಗೆ ಆತನ ಎದುರು ನಕ್ಕದ್ದು ಆಗ. ಅಂದಿನಿಂದ ಆಕೆ ಅವನನ್ನು 'ಶೂಶು' ಎಂದು ಕರೆಯತೊಡಗಿದಳು. ಶೂಶು ಎಂದರೆ ಚಿಕ್ಕಪ್ಪ. ನಮ್ಮಲ್ಲಿ ಅಂಕಲ್ ಎನ್ನುವಂತೆ ಪರಿಚಯದ ಗಂಡಸರಿಗೆಲ್ಲ ಸಲ್ಲುವ ಮಾತು.

ಅಮೆರಿಕದ ಕಾನೂನಿನ ಪ್ರಕಾರ, ಮದುವೆಯಾಗಲೆಂದು ಕರೆಸಿಕೊಳ್ಳುವ ವಧುವಿಗೆ ಪ್ರತ್ಯೇಕ ವೀಸಾ ಉಂಟು. ಬಂದ 90 ದಿನಗಳೊಳಗೆ ವಿವಾಹವಾಗತಕ್ಕದ್ದು. ಚೀನಾದಲ್ಲಿ ಈ ವೀಸಾದ ಸಂದರ್ಶನ ನಡೆಯುವುದು ಗುವಾಂಗ್‌ಝೌ ನಗರದ ದೂತಾವಾಸದಲ್ಲಿ ಮಾತ್ರ. ತಾಯಿ ಮಗಳು ಚೆಂಗ್ಡುವಿನಿಂದ ರೈಲಿನಲ್ಲಿ ಅಲ್ಲಿಗೆ ಹೋದರು. ಪ್ರೇಮ ನಿಜವೆಂಬುದಕ್ಕೆ ಸಾಕ್ಷಿ ಒದಗಿಸಬೇಕಷ್ಟೆ? ಕಾಗದಗಳನ್ನೂ ಭಾವಚಿತ್ರಗಳನ್ನೂ ಅಧಿಕಾರಿಯ ಮುಂದಿಟ್ಟಳು. ಎಲ್ಲ ಚಿತ್ರಗಳಲ್ಲಿಯೂ ಇವರಿಬ್ಬರ ನಡುವೆ ಹುಡುಗಿಯೇ ನಿಂತಿರುವುದೇಕೆಂದು ಆತ ಕೇಳಿದನಂತೆ. "ಅವಳನ್ನು ಬಿಟ್ಟು ತೆಗೆಸಿಕೊಳ್ಳಲು ಅವಳೇ ಬಿಡುತ್ತಿರಲಿಲ್ಲ" ಎಂದು ಈಕೆ ಉತ್ತರಿಸಿದಳು. ಮಗುವನ್ನು ದೇಶದಾಚೆ ಕರೆದೊಯ್ಯಲು ಮೊದಲ ಗಂಡನ ಒಪ್ಪಿಗೆ ಪತ್ರವೂ ಬೇಕಾಗಿತ್ತು. "ಅವನು ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದ, ಲಾವ್‌ಷಿ. ಜಗಳವಾಡುತ್ತಾನೆಂದು ಹೆದರಿದ್ದೆ. ಆಡದಿದ್ದುದೇ ಹೆಚ್ಚು ನೋವಾಯಿತು" ಎಂದು ಆಕೆ ಹೇಳುವಾಗ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. 2006ರಲ್ಲಿ ಇಬ್ಬರೂ ಬಂದರು, ವಿವಾಹವಾಯಿತು.

ಇಷ್ಟು ಸುಲಭವಾಗಿ 'ವಿವಾಹವಾಯಿತು' ಎಂದು ಬರೆದೆ. ಅದೇ ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರೂ ಚೀನೀಯರೂ ವಿವಾಹವಾಗುವುದನ್ನು 1948ರವರೆಗೆ ಕಾನೂನೇ ನಿಷೇಧಿಸಿತ್ತು. ಆ ವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ತೆಗೆದುಹಾಕಿತು. ಇಡೀ ದೇಶದಲ್ಲಿ ಇಂಥ ನಿಷೇಧಗಳು ಹೋದದ್ದು 1967ರಲ್ಲಿ. 1882ರಿಂದ 1943ರವರೆಗೆ ಚೀನೀ ಕೂಲಿಕಾರರು ದೇಶದೊಳಗೆ ಬರುವುದಕ್ಕೇ ತಡೆಯಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಅವರನ್ನು ಕೂಡಿಹಾಕುತ್ತಿದ್ದ ಮರದ ಕಟ್ಟಡ ಈಗಲೂ ಇದೆ. ಗೋಡೆಗಳಲ್ಲಿ ಅವರು ಕೆತ್ತಿದ ಪದ್ಯಗಳಿವೆ. ದಂಪತಿಗಳು ನಮ್ಮನ್ನು ಒಂದು ಭಾನುವಾರ ಅಲ್ಲಿಗೆ ಕರೆದೊಯ್ದರು. ಆಕೆ ಓದಿ ಹೇಳುತ್ತ ಹೋದಳು, ಆತ ತಲೆ ತಗ್ಗಿಸಿ ಕೇಳುತ್ತ ನಿಂತನು.

ಇಲ್ಲಿಗೆ ಬಂದ ಮೇಲೂ ಹುಡುಗಿಗೆ ಆತ ಶೂಶುವಾಗಿಯೇ ಉಳಿದನು. ಬದಲಿಸೆಂದು ಆತ ಕೇಳಲಿಲ್ಲ, ತಾಯಿಯೂ ಹೇಳಿಕೊಡಲಿಲ್ಲ. 2008ರ ಮೇ 11, ಅಮೆರಿಕದಲ್ಲಿ ತಾಯಂದಿರ ದಿನ. ಆ ರಾತ್ರಿ ಹನ್ನೊಂದೂವರೆಗೆ, ಚೀನಾದಲ್ಲಿ ಮರುದಿನ ಮಧ್ಯಾಹ್ನವಾಗಿದ್ದಾಗ, ಸಿಚುವಾನ್ ನಡುಗಿತು. ಸುಮಾರು 70,000 ಜನ ಸತ್ತರು. ಕುಸಿದ ಶಾಲೆಗಳ ಕೆಳಗೆ ಸಿಕ್ಕಿ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಲ್ಲವಾದರು. ಜೀವಮಾನವೆಲ್ಲ ಶಾಲೆಯ ಗೋಡೆಗಳ ನಡುವೆ ಕಳೆದ ನನಗೆ ಆ ಸಂಖ್ಯೆಯನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಹುಡುಗಿಯ ಅಜ್ಜ ಅಜ್ಜಿ ಇದ್ದದ್ದು ಹೆಚ್ಚು ಪೆಟ್ಟು ತಿಂದ ಊರುಗಳಲ್ಲೊಂದಾದ ಡುಜಿಯಾಂಗ್ಯಾನ್‌ನಲ್ಲಿ. ದೂರವಾಣಿ ಸಂಪರ್ಕ ಕಡಿದುಹೋಗಿತ್ತು. ತಾಯಿ ಕುಳಿತಲ್ಲಿಂದ ಏಳಲಿಲ್ಲ. ಆತ ರಾತ್ರಿಯೆಲ್ಲ ಅದೇ ಸಂಖ್ಯೆಯನ್ನು ಒತ್ತುತ್ತ ಕುಳಿತನು. ಎರಡನೆಯ ರಾತ್ರಿ ಹುಡುಗಿಯ ಕೋಣೆಯಿಂದ "ಬಾಬಾ" ಎಂಬ ಕೂಗು ಕೇಳಿತು.

"ನಾನು ಏಳಲಿಲ್ಲ. ಕನಸಿನಲ್ಲಿ ತನ್ನ ಅಪ್ಪನನ್ನು ಕರೆಯುತ್ತಿದ್ದಾಳೆಂದುಕೊಂಡೆ. ಮೂರನೆಯ ಬಾರಿ ಕರೆದಾಗ ಹೋಗಿ ಬಾಗಿಲಲ್ಲಿ ನಿಂತೆ. ಎಚ್ಚರವಾಗಿದ್ದಳು. ಕುಡಿಯಲು ನೀರು ಬೇಕೆಂದಳು" ಎಂದನು ಆತ. ನಾಲ್ಕನೆಯ ದಿನ, ಮುದುಕರಿಬ್ಬರೂ ಬೀದಿಯಲ್ಲಿ ಟಾರ್ಪಾಲಿನ ಕೆಳಗೆ ಕ್ಷೇಮವಾಗಿದ್ದಾರೆಂದು ಸುದ್ದಿ ಬಂದಿತು.

ಓದುಗ ಮಿತ್ರರೇ, ಅಂದು ಮಗನ ಮನೆಗೆ ಹಿಂದಿರುಗಿದ ಮೇಲೆ ನನಗೆ ನಿದ್ರೆ ಬರಲಿಲ್ಲ. 1988ರಲ್ಲಿ ನನ್ನ ತಂಗಿ ಇಪ್ಪತ್ತೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ನಾಲ್ಕು ವರ್ಷದ ಮಗನೊಡನೆ ನಮ್ಮ ಮನೆಗೆ ಬಂದಳು. ಮರುವರ್ಷ ನನ್ನ ಸಹೋದ್ಯೋಗಿಯೊಬ್ಬರು, ಕರಾವಳಿಯ ಕ್ರೈಸ್ತರು, ಸಜ್ಜನರು, ನನ್ನನ್ನು ಏಕಾಂತದಲ್ಲಿ ಕಂಡು ಆಕೆಯನ್ನು ವಿವಾಹವಾಗುವ ಇಚ್ಛೆಯನ್ನು ತಿಳಿಸಿದರು. ಮಗು ನನ್ನ ಮಗನಂತೆಯೇ ಬೆಳೆಯಲಿ ಎಂದರು. ನಾನು ಜಾತಿ ಧರ್ಮದ ಮಾತೆತ್ತಲಿಲ್ಲ. ಆ ಮಟ್ಟಿಗೆ ನಾನು ವಿದ್ಯಾವಂತ. "ಮಗುವಿಗೆ ಒಗ್ಗುವುದಿಲ್ಲ" ಎಂದೆ. ಮಗುವನ್ನೂ ಕೇಳಲಿಲ್ಲ, ತಂಗಿಯನ್ನೂ ಕೇಳಲಿಲ್ಲ. ಅವರು ಮುಂದಿನ ಜೂನ್‌ನಲ್ಲಿ ವರ್ಗ ಮಾಡಿಸಿಕೊಂಡು ಹೋದರು. ಹುಡುಗ ನನ್ನನ್ನು 'ಮಾಮ' ಎಂದು ಕರೆಯುತ್ತಲೇ ಬೆಳೆದು, ಓದಿ, ಪುಣೆಯಲ್ಲಿ ಉದ್ಯೋಗ ಹಿಡಿದನು.

ಊರಿಗೆ ಬಂದ ಮೇಲೆ ಒಂದು ಸಂಜೆ ತಂಗಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅದರ ಬೆನ್ನಿಗೆ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕೆಂದೇ ಕುಳಿತಿದ್ದೆ. ಆಕೆ ಹೂವು ಕಟ್ಟುತ್ತ ಕೇಳಿದಳು. ಕಡೆಯಲ್ಲಿ, "ಆ ಹುಡುಗಿ ಈಗ ಏನು ಓದುತ್ತಿದ್ದಾಳೆ ಅಣ್ಣಯ್ಯ?" ಎಂದಳು.

"ನರ್ಸಿಂಗ್" ಎಂದೆ.

"ಒಳ್ಳೆಯದಾಯಿತು" ಎಂದು ಕಟ್ಟಿದ ಹೂವನ್ನು ಬಾಳೆಲೆಯಲ್ಲಿ ಸುತ್ತಿಟ್ಟು, ಒಲೆಯ ಮೇಲಿದ್ದ ಹಾಲು ನೋಡಲು ಎದ್ದು ಹೋದಳು.