ಮರೆವಿನ ಮನೆಯಲ್ಲೊಂದು ಕಾಯಕ

ವಚನಗಳನ್ನು ಓದುವವರಿಗೆ ಅರಿವು, ಮರೆವು ಎಂಬ ಜೋಡಿ ಮಾತುಗಳು ಚಿರಪರಿಚಿತ. ಶರಣರು ಹೇಳುವ ಮರೆವೆಂದರೆ ಮನುಷ್ಯನು ತನ್ನ ನಿಜವನ್ನು ತಾನೇ ಮರೆತು ಬಾಳುವುದು. ಅದಕ್ಕೆ ಅರಿವೇ ಮದ್ದು. ಇಳಿವಯಸ್ಸಿನಲ್ಲಿ ಕೆಲವರನ್ನು ಆವರಿಸುವ ಆಲ್ಝೈಮರ್ ಕಾಯಿಲೆಯ ಮರೆವು ಅದಲ್ಲ. ಅದು ಮಿದುಳಿನ ಜೀವಕೋಶಗಳು ಮೆಲ್ಲಮೆಲ್ಲನೆ ನಶಿಸುವುದರಿಂದ ಬರುವ ದೇಹದ ರೋಗ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದನು. ಎರಡನ್ನೂ ಬೆರೆಸಿ, "ಪೂಜೆಯಲ್ಲಿ ಮನಸ್ಸಿಲ್ಲದ್ದಕ್ಕೆ ಹೀಗಾಯಿತು" ಎಂದು ರೋಗಿಯನ್ನೇ ದೂರುವವರು ಭಕ್ತರಲ್ಲಿಯೂ ಉಂಟು. ಅದು ಅರಿವುಳ್ಳವರ ಮಾತಲ್ಲ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ, ಅಂದರೆ ಮರೆಗುಳಿ ರೋಗ, ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅದಕ್ಕೆ ಮುಖ್ಯ ಕಾರಣ ಆಲ್ಝೈಮರ್. ಇಂಥವರಲ್ಲಿ ಬಹುಪಾಲು ಜನರು ಇರುವುದು ಮನೆಗಳಲ್ಲಿಯೇ.

ಮಠದ ಭಕ್ತರಾದ ನಿವೃತ್ತ ಶಿಕ್ಷಕರೊಬ್ಬರ ಮನೆ ದಾವಣಗೆರೆಯಲ್ಲಿದೆ. ಐದು ವರ್ಷಗಳಿಂದ ಮೇಷ್ಟ್ರಿಗೆ ಈ ಕಾಯಿಲೆ. ಮೊದಲ ಮೂರು ವರ್ಷ ಪತ್ನಿಯೂ ಸೊಸೆಯೂ ಹಗಲಿರುಳು ನೋಡಿಕೊಂಡರು. ರಾತ್ರಿ ನಿದ್ದೆಯಿಲ್ಲದೆ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡ ಮೇಲೆ ಮಗನು ಸಂಸ್ಥೆಯೊಂದರ ಮೂಲಕ ಆರೈಕೆಯವರನ್ನು ಕರೆಸಿದನು. ಬಂಧುಗಳಿಂದ ಬಂದ ಮಾತು ಒಂದೇ: "ಹೆತ್ತವರನ್ನು ಕೂಲಿಯವರ ಕೈಗೆ ಒಪ್ಪಿಸಿದರು."

ಈ ಮಾತನ್ನು ಸ್ವಲ್ಪ ವಿಚಾರಿಸಬೇಕು. ಹಣ ಪಡೆದು ಮಾಡಿದ್ದು ಸೇವೆಯಲ್ಲವೆಂಬ ಭಾವನೆ ಶರಣರದಲ್ಲ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು, ಅದನ್ನು ಮಾರಿ ಬಂದ ಹಣದಿಂದಲೇ ದಾಸೋಹ ನಡೆಸಿದವನು. ಸಂಬಳದಿಂದ ಕಾಯಕ ಮೈಲಿಗೆಯಾಗುವುದಾದರೆ ಆ ಶರಣರಲ್ಲಿ ಎಷ್ಟು ಜನ ಉಳಿದಾರು? ಸೇವೆಯ ಹೆಸರಿನಲ್ಲಿ ಮನೆಯ ಹೆಂಗಸರ ಮೈಮುರಿಯುವುದನ್ನು ಧರ್ಮವೆಂದು ಹೊರಗೆ ನಿಂತು ಹೇಳುವುದು ಮಾತ್ರ ಸುಲಭ.

ತೊಡಕು ಬೇರೆಡೆ ಇತ್ತು. ಮೊದಲ ಸಂಸ್ಥೆಯವರು ಹದಿನೈದು ದಿನಕ್ಕೊಬ್ಬರಂತೆ ಹೊಸಬರನ್ನು ಕಳುಹಿಸಿದರು. ಮೇಷ್ಟ್ರಿಗೆ ಪ್ರತಿ ಮುಖವೂ ಮನೆಗೆ ನುಗ್ಗಿದ ಅಪರಿಚಿತನ ಮುಖವೇ ಆಯಿತು. ಕೂಗಾಡಿದರು, ಊಟ ಬಿಟ್ಟರು. ಹೆಸರು ನೆನಪಿನಲ್ಲಿ ಉಳಿಯದಿದ್ದರೂ ದಿನವೂ ಕಾಣುವ ಮುಖ, ಕೇಳುವ ದನಿ ಇವುಗಳಿಂದ ಒಂದು ಬಗೆಯ ನೆಮ್ಮದಿ ಬೇರೂರುತ್ತದೆ. ಆದುದರಿಂದ ಆರೈಕೆಯವರನ್ನು ಗೊತ್ತುಮಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ದರವಲ್ಲ, ಒಬ್ಬರೇ ಬರುವರೇ ಎಂಬುದು. ಜನರು 'ಹೋಮ್ ನರ್ಸ್' ಎಂದು ಕರೆದರೂ ಇವರಲ್ಲಿ ಅನೇಕರು ದಾದಿಯರಲ್ಲ. ಚುಚ್ಚುಮದ್ದು, ಮೂಗಿನ ನಳಿಕೆ ಮುಂತಾದವು ದಾದಿಯರ ಕೆಲಸವೆಂಬುದನ್ನೂ ತಿಳಿದಿರಬೇಕು.

ಈಗ ಎರಡು ವರ್ಷಗಳಿಂದ ಇರುವಾಕೆ ಹಾವೇರಿ ಜಿಲ್ಲೆಯ ಹೆಣ್ಣುಮಗಳು. ಇಬ್ಬರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಬಂದವಳು. ಮೇಷ್ಟ್ರನ್ನು "ಅಪ್ಪಾಜಿ" ಎನ್ನುತ್ತಾಳೆ. ಅವರು ಆಕೆಯನ್ನು ತೀರಿಹೋದ ತಮ್ಮ ಅಕ್ಕನೆಂದೇ ಬಗೆದಿದ್ದಾರೆ. ಸ್ನಾನವೆಂದರೆ ಹೆದರುತ್ತಿದ್ದವರಿಗೆ ಆಕೆ ನೇರವಾಗಿ ತಲೆಗೆ ನೀರು ಸುರಿಯಲಿಲ್ಲ. ಮೊದಲು ಚೊಂಬನ್ನು ಅವರ ಕೈಗೇ ಕೊಟ್ಟು, ಹೆಗಲಿಗೆ ಟವೆಲ್ ಹೊದಿಸಿ, ಪಾದದಿಂದ ಆರಂಭಿಸಿದಳು. ಬಿಳಿಯ ತಟ್ಟೆಯಲ್ಲಿ ಬಿಳಿಯ ಅನ್ನ ಅವರ ಕಣ್ಣಿಗೆ ಬೀಳುವುದಿಲ್ಲವೆಂದು ತಿಳಿದು ತಟ್ಟೆಯನ್ನೇ ಬದಲಿಸಿದಳು. ಬಾಗಿಲ ಬಳಿಯ ಕಪ್ಪು ಕಾಲೊರಸು ಅವರಿಗೆ ಗುಂಡಿಯಂತೆ ತೋರುತ್ತಿತ್ತು, ಅದನ್ನು ತೆಗೆಸಿದಳು. ಒಮ್ಮೆ ಒಂದೇ ದಿನದಲ್ಲಿ ಗೊಂದಲ ವಿಪರೀತವಾದಾಗ, "ಇದು ಎಂದಿನ ಮರೆವಲ್ಲ, ಡಾಕ್ಟರಿಗೆ ತೋರಿಸಿ" ಎಂದವಳೂ ಅವಳೇ. ಮೂತ್ರದ ಸೋಂಕಾಗಿತ್ತು, ಔಷಧದಿಂದ ಇಳಿಯಿತು. ಕೂಲಿಯೆಂದು ಹೀಗಳೆದವರಿಗೆ ಈ ವಿದ್ಯೆ ತಿಳಿದಿತ್ತೇ?

ಒಂದು ದಿನ ಮೇಷ್ಟ್ರು ಕೊರಳಿನ ಇಷ್ಟಲಿಂಗವನ್ನು ಕರಡಿಗೆಯೊಡನೆ ಎಲ್ಲಿಯೋ ಬಚ್ಚಿಟ್ಟರು. ತಾಯಿಯವರು ಅಂದು ಹನಿ ನೀರನ್ನೂ ಮುಟ್ಟಲಿಲ್ಲ. ಚಂದಯ್ಯನು ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸದ ಕಥೆಯನ್ನು ಹಿರಿಯರು ಹೇಳಿ ಸಮಾಧಾನಪಡಿಸಿದರೂ ಅವರ ಕಣ್ಣೀರು ನಿಲ್ಲಲಿಲ್ಲ. ಅವರು ವಸ್ತುಗಳನ್ನು ಒಯ್ದಿಡುವ ಜಾಗಗಳನ್ನು ದಿನವೂ ಗಮನಿಸುತ್ತಿದ್ದ ಆ ಹೆಣ್ಣುಮಗಳು ಅಕ್ಕಿಯ ಡಬ್ಬಿಯೊಳಗಿಂದ ಅದನ್ನು ತೆಗೆದುಕೊಟ್ಟಳು. ಮೇಷ್ಟ್ರನ್ನು ಒಂದು ಮಾತೂ ಗದರಲಿಲ್ಲ. ಈಗ ಸ್ನಾನವಾದೊಡನೆ ವಿಭೂತಿ, ನೀರು ಎಲ್ಲವನ್ನೂ ಅಣಿಮಾಡಿ ಇಡುವವಳೂ ಅವಳೇ. ಮಗನ ಹೆಸರು ಮರೆತವರ ಎಡಗೈ ಲಿಂಗವನ್ನು ಕಂಡೊಡನೆ ತಾನಾಗಿ ಮೇಲೇಳುತ್ತದೆ. ಬಾಲ್ಯದಿಂದ ಕೈ ಕಲಿತ ರೂಢಿ ಹೆಸರುಗಳಿಗಿಂತ ಬಹುಕಾಲ ಉಳಿಯುತ್ತದೆಂದು ವೈದ್ಯರು ಹೇಳುತ್ತಾರೆ.

ತಾಯಿಯವರಿಗೆ ಇನ್ನೊಂದು ಸಂಕಟವಿತ್ತು. ಸಂಜೆಯಾದೊಡನೆ ಮೇಷ್ಟ್ರು, "ಊರಿಗೆ ಹೋಗಬೇಕು, ಕೊನೇ ಬಸ್ಸು ತಪ್ಪುತ್ತೆ" ಎಂದು ಬಾಗಿಲು ಬಡಿಯುವರು. ಆ ಊರಿನ ಮನೆ ಬಿದ್ದು ಮೂವತ್ತು ವರ್ಷವಾಯಿತು. ನಿಜ ಹೇಳಿದರೆ ಅಳುವರು. ಬಸ್ಸು ಬರುತ್ತದೆಂದರೆ ಹುಸಿ. ಹುಸಿಯನ್ನಾಡಬಾರದೆಂದು ಬಾಲ್ಯದಿಂದ ಕೇಳಿಕೊಂಡು ಬಂದ ನಾಲಿಗೆ ಏನು ಹೇಳಬೇಕು? ಆಕೆ ಮಾತ್ರ ಈ ಎರಡನ್ನೂ ಹೇಳುವುದಿಲ್ಲ. ಕತ್ತಲಾಗುವ ಮೊದಲೇ ದೀಪ ಹಾಕಿ, ಅವರ ಕೈಹಿಡಿದು ಅಂಗಳದಲ್ಲಿ ನಡೆಸುತ್ತ, "ಅಪ್ಪಾಜಿ, ನಿಮ್ಮೂರಾಗ ಬಾವಿ ಯಾವ ಕಡೆ ಇತ್ತು?" ಎನ್ನುತ್ತಾಳೆ. ಊರಿಗೆ ಹೋಗಬೇಕೆಂಬುದರ ಹಿಂದಿರುವುದು ಅಂಜಿಕೆ. ಉತ್ತರ ಬೇಕಾಗಿರುವುದು ಬಸ್ಸಿಗಲ್ಲ, ಆ ಅಂಜಿಕೆಗೆ. ಇದು ಹುಸಿಯೂ ಅಲ್ಲ, ನಿಷ್ಠುರವೂ ಅಲ್ಲ.

ಇಷ್ಟು ಮಾಡುವವಳಿಗೆ ಒಪ್ಪಂದದ ಪ್ರಕಾರ ತಿಂಗಳಿಗೆ ಎರಡೇ ದಿನ ಬಿಡುವು. ಹಗಲು ರಾತ್ರಿ ಒಂದೇ ಮನೆಯಲ್ಲಿ, ನಿದ್ದೆ ಕೆಟ್ಟು, ಮಕ್ಕಳ ಮುಖ ಕಾಣದೆ ದುಡಿಯುವವರ ಆಯಾಸದ ಲೆಕ್ಕ ಯಾವ ರಸೀದಿಯಲ್ಲಿಯೂ ಇರುವುದಿಲ್ಲ. ಕಾಯಕವನ್ನು ಹೊಗಳಿ ಕಾಯಕದವರನ್ನು ದಣಿಸುವುದು ಲಿಂಗವಂತರ ಮನೆಗೆ ಶೋಭಿಸದು. ಈ ಯುಗಾದಿಯಿಂದ ವಾರಕ್ಕೊಂದು ದಿನ ಬಿಡುವು ಕೊಡುವುದೆಂದು ಸೊಸೆಯೇ ಹಟ ಹಿಡಿದು ತೀರ್ಮಾನ ಮಾಡಿಸಿದಳು. ಸಂಬಳ ಕಡಿತವಿಲ್ಲ.

ಮೊದಲ ಭಾನುವಾರ ಆಕೆ ಹೊರಡುವ ಮುನ್ನ ಒಂದು ನೋಟುಬುಕ್ಕಿನಲ್ಲಿ ದಿನಚರಿ ಬರೆದಿಟ್ಟಳು. ಮಾತ್ರೆಯ ವೇಳೆ, ಬಿಸಿನೀರಿನ ಹದ, ಸಂಜೆ ಐದೂವರೆಗೆ ದೀಪ. ಅಂದು ಸಂಜೆ ಬಾಗಿಲು ಬಡಿಯುವ ಸದ್ದಾದಾಗ ತಾಯಿಯವರು ಎದ್ದು ಹೋಗಿ ಗಂಡನ ಕೈಹಿಡಿದು ಬಾವಿಯ ವಿಷಯ ಕೇಳಿದರು. ಮದುವೆಯಾಗಿ ಐವತ್ತೆರಡು ವರ್ಷಗಳಲ್ಲಿ ಎಂದೂ ಹೇಳದಿದ್ದುದನ್ನು ಮೇಷ್ಟ್ರು ಹೇಳಿದರು: ಎಂಟು ವರ್ಷದವರಿದ್ದಾಗ ಆ ಬಾವಿಗೆ ಬಿದ್ದದ್ದು, ಅಕ್ಕ ಹಗ್ಗ ಇಳಿಬಿಟ್ಟು ಮೇಲೆತ್ತಿದ್ದು.