ನಿಂದ್ಯಾವೂರೇ ಮಗಾ?

ಶರಾವತಿ ಮುಳುಗಡೆ ಸಂತ್ರಸ್ತರು ಅಂದ ಕೂಡಲೇ ನಮ್ಮಂಥ ಸ್ಟ್ರಿಂಗರ್‌ಗಳ ಬೆರಳು ತಾನಾಗಿಯೇ ‘ಹಕ್ಕುಪತ್ರ’ ಅಂತ ಟೈಪ್ ಮಾಡುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕಾಗಿ ಊರು ಬಿಟ್ಟ ಎಷ್ಟೋ ಕುಟುಂಬಗಳಿಗೆ ಇನ್ನೂ ಜಮೀನಿನ ಕಾಗದ ಸಿಕ್ಕಿಲ್ಲ. ಧರಣಿ, ಮನವಿ, ಭರವಸೆ. ಆ ಸುದ್ದಿ ಬರೆಯಲೇಬೇಕು, ಬರೆಯುತ್ತಲೂ ಇದ್ದೇವೆ.

ಅಂಥದೊಂದು ಪುನರ್ವಸತಿ ಊರಲ್ಲಿ ಡಿಗ್ರಿ ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಏಳು ದಿನ ಶಿಬಿರ ಹಾಕಿದ್ದರು. ಹಿರಿಯರ ಬದುಕಿನ ಕಥೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದೂ ಅವರ ಕೆಲಸವಾಗಿತ್ತು. ಫೋಟೊ ತೆಗೆದು ಹೊರಡೋಣ ಅಂತ ಹೋದ ನಾವು ಕತ್ತಲಾಗುವವರೆಗೂ ಕೂತೆವು.

ಎಂಬತ್ತು ದಾಟಿದ ಅಜ್ಜಿಯ ಎದುರು ಒಬ್ಬ ಹುಡುಗಿ ಮೇಷ್ಟ್ರು ಕೊಟ್ಟ ಪಟ್ಟಿ ಹಿಡಿದಿದ್ದಳು. ಜಮೀನು ಎಷ್ಟು ಮುಳುಗಿತು? ಪರಿಹಾರ ಎಷ್ಟು ಬಂತು? ಅಜ್ಜಿ ಒಂದೊಂದು ಮಾತು ಹೇಳಿ ಅಡಿಕೆ ಸುಲಿಯುತ್ತಲೇ ಇದ್ದರು. ಸರ್ವೆಯವರಿಂದ, ನಮ್ಮವರಿಂದ ಇದೇ ಪ್ರಶ್ನೆ ಎಷ್ಟು ಸಲ ಕೇಳಿಸಿಕೊಂಡಿದ್ದರೋ! ಕೊನೆಗೆ ಅವರೇ ಕೇಳಿದರು, “ನಿಂದ್ಯಾವೂರೇ ಮಗಾ?”

ಹುಡುಗಿ ತಡವರಿಸಿದಳು. ಅಪ್ಪ, ಅಮ್ಮ ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರು. ಒಂದು ಕಟ್ಟಡ ಮುಗಿದರೆ ಶೆಡ್ಡೂ ಬದಲು. ಇವಳು ಆರನೇ ಕ್ಲಾಸಿನಿಂದ ಹಾಸ್ಟೆಲು. “ನಮ್ಮೂರು ಅಂತ ಹೇಳಾಕ ಯಾವ್ದೂ ಇಲ್ರೀ ಅಜ್ಜಿ.”

ಅಜ್ಜಿಯ ಕೈ ನಿಂತಿತು. ಅಲ್ಲಿಂದ ಬಂದದ್ದೆಲ್ಲ ಪಟ್ಟಿಯಲ್ಲಿಲ್ಲದ ಮಾತು. ಲಾರಿಯಲ್ಲಿ ಜಾಗ ಸಾಲದೆ ಒರಳುಕಲ್ಲು ಬಿಟ್ಟುಬಂದದ್ದು. ಹೊಸ ಜಾಗದ ಮೊದಲ ಮಳೆಗಾಲದಲ್ಲಿ ಮಾಡು ಸೋರಿ, ರಾತ್ರಿಯೆಲ್ಲ ಕೂಸನ್ನು ಮಡಿಲಲ್ಲೇ ಇಟ್ಟುಕೊಂಡು ಕೂತದ್ದು. ನಮ್ಮ ಶೆಡ್ಡಿನ ತಗಡೂ ಸೋರ್ತದ ಅಂತ ಹುಡುಗಿ ಅಂದಳು. ಇಬ್ಬರೂ ಪಾತ್ರೆ ಎಲ್ಲೆಲ್ಲಿ ಇಡಬೇಕು ಅನ್ನುವ ಬಗ್ಗೆ ಗಂಭೀರವಾಗಿ ಮಾತಾಡಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಗ ಎಷ್ಟು ಕರೆದರೂ ಅಜ್ಜಿ ಹಳೇ ಜಾಗ ನೋಡಲು ಹೋಗಿಲ್ಲವಂತೆ. “ಬಾಗ್ಲೇ ಇಲ್ದಿದ್ ಮನೆಗೆ ಹೋಗಿ ಎಂತ ಮಾಡೂದು?”

ಎಲ್ಲ ಮನೆಯಲ್ಲೂ ಹೀಗಾಯಿತು ಅಂತಲ್ಲ. ಪಕ್ಕದ ಜಗಲಿಯ ಅಜ್ಜ “ಎಲ್ಲಾ ಮರ್ತೋಯ್ತು” ಅಂದು ಹುಡುಗರನ್ನು ಬೀಡಿ ತರಲು ಕಳಿಸಿದರು. ಇತ್ತ ಪಟ್ಟಿಯ ಖಾಲಿ ಕಾಲಂ ನೋಡಿ ಮೇಷ್ಟ್ರಿಗೆ ಚಿಂತೆ. ನಮಗನಿಸಿದ್ದು, ಆ ಕಾಲಂ ಖಾಲಿ ಉಳಿದದ್ದೇ ಒಳ್ಳೆಯದಾಯಿತು. ತಾನು ಏನೂ ಹೇಳದೆ ಕೇಳಿದ್ದರೆ ಆ ಹುಡುಗಿಗೂ ಎಕರೆ, ಗುಂಟೆಯ ಲೆಕ್ಕವಷ್ಟೇ ಸಿಗುತ್ತಿತ್ತು.

ಅಜ್ಜಿಯ ಮಗ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆ ಮಡಿಲ ಕೂಸು ಅವರೇ. “ಇದನ್ನ ನಮ್ಮ ಹತ್ರ ಯಾವತ್ತೂ ಹೇಳಿರ್ಲಿಲ್ಲ” ಅಂದರು. ಆಮೇಲೆ ಆ ರೆಕಾರ್ಡಿಂಗನ್ನು ತಮ್ಮ ವಾಟ್ಸ್‌ಆ್ಯಪ್‌ಗೆ ಕಳಿಸಲು ಹುಡುಗಿಗೆ ಹೇಳಿ, ನಂಬರ್ ಸರಿಯಾಗಿ ಬರೆದುಕೊಂಡಳೋ ಅಂತ ಎರಡು ಸಲ ನೋಡಿದರು.