ಅವಸರದ ಹೋಟೆಲಿನ ನಿಧಾನಸ್ಥ

ಬೆಳಗಿನ ಎಂಟೂವರೆ ಗಂಟೆಗೆ ಬೆಂಗಳೂರಿನ ದರ್ಶಿನಿಯೊಂದರ ಮುಂದೆ ನಿಂತ ಮನುಷ್ಯನಷ್ಟು ಅವಸರದ ಪ್ರಾಣಿ ಸೃಷ್ಟಿಯಲ್ಲಿ ಇನ್ನೊಂದಿರಲಾರದು. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಚೀಲ. ಕಣ್ಣು ಗಡಿಯಾರದ ಮೇಲೆ, ಮನಸ್ಸು ದೋಸೆಯ ಮೇಲೆ. ಮನೆಯಲ್ಲಿ ಒಂದು ಗಂಟೆ ಪತ್ರಿಕೆ ಹರವಿಕೊಂಡು ಕುಳಿತಿದ್ದ ಮಹಾಶಯರೂ ಇಲ್ಲಿ ಎರಡು ನಿಮಿಷ ಕಾಯಲಾರರು.

ಈ ಅವಸರಕ್ಕೆ ಉತ್ತರವಾಗಿಯೇ ದರ್ಶಿನಿ ಹುಟ್ಟಿತು. 1983ರಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದ ಮೇಲೆ ಆ ಹೆಸರು ಒಂದು ಹೋಟೆಲಿನದಾಗಿ ಉಳಿಯದೆ ಒಂದು ಜಾತಿಯ ಹೋಟೆಲುಗಳದೇ ಆಯಿತು. ಕುರ್ಚಿಯಿಲ್ಲ, ಬಡಿಸುವವನಿಲ್ಲ; ಹಣ ತೆತ್ತು ಚೀಟಿ ಪಡೆದು, ತಿಂಡಿಯನ್ನು ತಾನೇ ತಂದು, ಎತ್ತರದ ಮೇಜಿನ ಬಳಿ ನಿಂತು ತಿಂದು ಹೋಗುವ ಪದ್ಧತಿ. ಗಿರಾಕಿಗೆ ಇದರಿಂದ ಸಮಯ ಉಳಿಯಿತು. ಆದರೆ ಹಾಗೆ ಉಳಿದ ಸಮಯವನ್ನು ಬೇರೆ ಯಾರೋ ಮೊದಲೇ ಕಳೆದಿರುತ್ತಾರೆಂಬುದನ್ನು ಯೋಚಿಸುವವರು ವಿರಳ.

ಹಾಗೆ ಕಳೆಯುವವರಲ್ಲಿ ಮೊದಲಿಗರು ನಗರದ ದಕ್ಷಿಣ ಭಾಗದ ಒಂದು ದರ್ಶಿನಿಯ ಮ್ಯಾನೇಜರರು. ಕುಂದಾಪುರದ ಕಡೆಯವರು, ವಯಸ್ಸು ಐವತ್ತೈದು ದಾಟಿದೆ. ಅವರು ಓಡಿದ್ದನ್ನಾಗಲಿ, ಕೂಗಿದ್ದನ್ನಾಗಲಿ ಯಾರೂ ಕಂಡಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ಅಲ್ಲಿಯ ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅವರ ಬಾಲ್ಯ ಆ ವೇಳೆಗೆ ಎಂದೋ ಮುಗಿದುಹೋಗಿತ್ತು. ಲೋಟವೊಂದು ಒಡೆದ ದಿನ ಹತ್ತು ಜನ ಗಿರಾಕಿಗಳ ಮುಂದೆ ತಿಂದ ಬೈಗುಳ ಮಾತ್ರ ಇನ್ನೂ ನೆನಪಿದೆ. ತಮ್ಮ ಕೈಕೆಳಗಿನವರನ್ನು ಗಿರಾಕಿಗಳ ಮುಂದೆ ಗದರಿಸಬಾರದೆಂಬ ವ್ರತವನ್ನು ಅವರು ಅಂದಿನಿಂದ ಹಿಡಿದಿದ್ದಾರೆ.

ಅವರ ದಿನ ಮುಂಜಾನೆ ನಾಲ್ಕೂವರೆಗೆ ಮೊದಲಾಗುತ್ತದೆ. ಮೊದಲು ಹಿಟ್ಟಿನ ಪಾತ್ರೆಗಳ ಮುಚ್ಚಳ ತೆರೆದು ನೋಡುವರು. ಬಳಿಕ ಡಿಕಾಕ್ಷನ್ನಿನ ರುಚಿ. ಬಳಿಕ ಕೆಲಸಗಾರರ ಮುಖ. ಆರು ಗಂಟೆಯೊಳಗೆ ಎಲ್ಲರಿಗೂ ತಿಂಡಿ ಕಾಫಿ ಆಗಿರಲೇಬೇಕು. ಹಸಿದವನ ಕೈಯಿಂದ ಇನ್ನೊಬ್ಬನಿಗೆ ಬಡಿಸಿದರೆ ಆ ಅನ್ನಕ್ಕೆ ರುಚಿಯಿರದು ಎಂಬುದು ಅವರ ಮತ. ಚಟ್ನಿಯನ್ನು ಒಮ್ಮೆಗೇ ರುಬ್ಬಿಡಲು ಬಿಡುವುದಿಲ್ಲ. ಗಂಟೆಗೊಮ್ಮೆ ಹೊಸದಾಗಿ ರುಬ್ಬಬೇಕು. ಕಾಫಿಯ ಬಳಿ ಜನ ಕಟ್ಟಿಕೊಂಡಾಗ ಚುರುಕು ಕೈಯವನನ್ನು ಅಲ್ಲಿಗೆ ಕಳಿಸಿ, ಅವನು ಬಿಟ್ಟ ಮೇಜು ಒರೆಸುವ ಬಟ್ಟೆಯನ್ನು ತಾವೇ ಕೈಗೆತ್ತಿಕೊಳ್ಳುತ್ತಾರೆ.

ಗಲ್ಲಾದ ಬಳಿ ಅವರು ನಿಲ್ಲುವುದು ಕಡಿಮೆ. ಈಗ ಹಣ ಬಂದ ಸುದ್ದಿಯನ್ನು ಪುಟ್ಟ ಪೆಟ್ಟಿಗೆಯೊಂದು ತಾನೇ ಕೂಗಿ ಹೇಳುತ್ತದೆ. ಅವರು ಹೆಚ್ಚು ಹೊತ್ತು ನಿಲ್ಲುವುದು ತಟ್ಟೆ ತೊಳೆಯುವ ಕಡೆ. ತಿಂಡಿ ಹೇಗಿತ್ತೆಂದು ಕೇಳಿದರೆ ಗಿರಾಕಿ ದಾಕ್ಷಿಣ್ಯಕ್ಕೆ “ಚೆನ್ನಾಗಿತ್ತು” ಎಂದಾನು, ತಟ್ಟೆಗೆ ದಾಕ್ಷಿಣ್ಯವಿಲ್ಲ. ಹತ್ತು ತಟ್ಟೆಗಳಲ್ಲಿ ಚಟ್ನಿ ಉಳಿದು ಬಂದರೆ ಉಪ್ಪು ಹೆಚ್ಚಿದೆಯೆಂದೇ ಅರ್ಥ. ಖಾರಾಬಾತಿನ ಅಂಚು ಉಳಿದು ಬಂದರೆ ಅದು ಆರಿ ಗಟ್ಟಿಯಾಗಿದೆಯೆಂದು ಅರ್ಥ.

ಬೇಗ ಕೊಡುವ ವಿದ್ಯೆ ಎಲ್ಲೆಡೆಯೂ ನಿಧಾನದ ಮಗುವೇ. ಅಮೆರಿಕದ ಸ್ಯಾನ್ ಬರ್ನಾರ್ಡಿನೋ ಊರಿನ ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ತಮ್ಮ ಹೋಟೆಲನ್ನು ಕ್ಷಿಪ್ರಸೇವೆಗೆ ಬದಲಿಸಿದರು; ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಅಡಿಗೆಮನೆಯ ನಕ್ಷೆ ಬರೆದು, ಕೆಲಸಗಾರರನ್ನು ಅದರ ಮೇಲೆ ಓಡಾಡಿಸಿ ಅಭ್ಯಾಸ ಮಾಡಿಸಿದರಂತೆ. ಬಡಿಸುವಾಗ ಅವಸರ ಸಾಧ್ಯವಾಗಬೇಕಾದರೆ ಕಲಿಸುವಾಗ ಅವಸರ ಕೂಡದು. ಈ ಪಾಠವನ್ನು ನಮ್ಮ ಮ್ಯಾನೇಜರರು ಒಂದು ಡಿಸೆಂಬರಿನಲ್ಲಿ ಹೊಸದಾಗಿ ಕಲಿಯಬೇಕಾಗಿ ಬಂತು.

ಆ ಮುಂಜಾನೆ ಪಾತ್ರೆಗಳ ಮುಚ್ಚಳ ತೆರೆದರೆ ಇಡ್ಲಿಯ ಹಿಟ್ಟು ಉಬ್ಬಿರಲೇ ಇಲ್ಲ. ರುಬ್ಬಿಟ್ಟಾಗ ಎಷ್ಟಿತ್ತೋ ಅಷ್ಟೇ ಇತ್ತು. ಚಳಿಯ ರಾತ್ರಿಗಳಲ್ಲಿ ಆ ಪಾತ್ರೆಗಳಿಗೆ ಗೋಣಿ ಸುತ್ತಿ ಬೆಚ್ಚಗಿನ ಒಲೆಯ ಬಳಿ ಇಡುವುದು ವಾಡಿಕೆ. ರಾತ್ರಿಯ ಪಾಳಿಯ ಹುಡುಗ ಅವನ್ನು ಬಾಗಿಲ ಬಳಿಯೇ ಬಿಟ್ಟು ಮಲಗಿದ್ದ. ಕಲಬುರ್ಗಿ ಸೀಮೆಯ ಹತ್ತೊಂಬತ್ತರ ತರುಣ, ಬಂದು ಎಂಟು ದಿನವಾಗಿತ್ತು. ಜೋಳದ ರೊಟ್ಟಿಯ ನಾಡಿನವನು, ಬಿಸಿಲಲ್ಲಿ ಬೆಳೆದವನು. ಹಿಟ್ಟಿಗೂ ಚಳಿಯಾಗುತ್ತದೆಂದು ಅವನಿಗೇನು ಗೊತ್ತು? ನಡುಗುತ್ತ ಮೂಲೆಯಲ್ಲಿ ನಿಂತಿದ್ದ.

ಮ್ಯಾನೇಜರರು ಒಂದು ಗಳಿಗೆ ಸುಮ್ಮನಿದ್ದರು. ಸೋಡಾ ಸುರಿದು ಆ ಹಿಟ್ಟನ್ನೇ ಬೇಯಿಸಿಬಿಡೋಣವೆಂದು ಯಾರೋ ಸೂಚಿಸಿದರು. ಅವರು ತಲೆಯಾಡಿಸಿ, ಹಲಗೆಯ ಮೇಲಿದ್ದ ‘ಇಡ್ಲಿ’ ಎಂಬ ಮಾತನ್ನು ತಾವೇ ಒರೆಸಿದರು.

“ಭಟ್ರೇ, ರವೆ ಎಷ್ಟಿದೆ?”

“ಇದೆ ಮಾರಾಯ್ರೇ. ಮೊಸರೂ ಇದೆ.”

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ಮಾವಳ್ಳಿ ಟಿಫಿನ್ ರೂಮಿನವರು ರವೆ ಇಡ್ಲಿಯನ್ನು ಕಂಡುಹಿಡಿದರೆಂಬುದು ಬೆಂಗಳೂರಿನಲ್ಲಿ ಪ್ರಸಿದ್ಧವಾದ ಮಾತು. ಹುಳಿ ಬರಲು ರಾತ್ರಿಯಿಡೀ ಕಾಯಬೇಕಾದ ಗೊಡವೆ ಅದಕ್ಕಿಲ್ಲ. ಅಂದಿನ ಅಭಾವದ ತಿಂಡಿ ಇಂದಿನ ಅವಾಂತರಕ್ಕೆ ಒದಗಿತು. ಏಳು ಗಂಟೆಗೆ ಬಾಗಿಲು ತೆರೆದಾಗ ಅದು ಹಬೆಯಾಡುತ್ತಿತ್ತು. ಕೆಲವರು ಗೊಣಗಿದರು, ಇಬ್ಬರು ಎದುರಿನ ಹೋಟೆಲಿಗೆ ಹೋದರು. ನಿತ್ಯ ಬರುವ ನಿವೃತ್ತ ಮೇಷ್ಟರೊಬ್ಬರು, “ಏನ್ರೀ, ನಿಮ್ಮಲ್ಲೂ ಇಡ್ಲಿ ಇಲ್ಲವೇ?” ಎಂದರು.

“ಹಿಟ್ಟು ಹದವಾಗಿಲ್ಲ ಸ್ವಾಮಿ. ಕೊಟ್ಟರೆ ನೀವು ತಿನ್ನುತ್ತೀರಿ, ನನಗೆ ಮುಳ್ಳು ನುಂಗಿದ ಹಾಗಾಗುತ್ತದೆ.”

ಮೇಷ್ಟರು ನಕ್ಕು ರವೆ ಇಡ್ಲಿಯ ಚೀಟಿ ಪಡೆದರು.

ಒಂಬತ್ತು ಗಂಟೆಗೆ ಯಜಮಾನರ ಫೋನು ಬಂತು. ಸುದ್ದಿ ಅವರಿಗೆ ಆಗಲೇ ತಲಪಿತ್ತು.

“ಆ ಹುಡುಗನ ಲೆಕ್ಕ ಮುಗಿಸಿ ಕಳಿಸಿಬಿಡಿ.”

“ಲೆಕ್ಕ ಮುಗಿಸುವುದಾದರೆ ನನ್ನಿಂದಲೇ ಮೊದಲಾಗಬೇಕು ಸ್ವಾಮಿ. ಪಾತ್ರೆ ಎಲ್ಲಿಡಬೇಕೆಂದು ಅವನಿಗೆ ಹೇಳಿಕೊಡಬೇಕಾದವನು ನಾನು. ನಾಳೆ ಹೇಳಿದರಾಯಿತೆಂದು ಎಂಟು ದಿನ ಕಳೆದೆ.”

ಆ ಕಡೆಯಿಂದ ಒಂದಷ್ಟು ಹೊತ್ತು ಮಾತೇ ಬರಲಿಲ್ಲ. ಮೂವತ್ತು ವರ್ಷದ ನಂಬಿಗಸ್ತ ಮನುಷ್ಯ ಹೀಗೆ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡರೆ ಯಜಮಾನನಾದವನು ಏನು ಮಾಡಬೇಕು? “ಇನ್ನು ಮುಂದೆ ನೋಡಿಕೊಳ್ಳಿ,” ಎಂದು ಫೋನು ಇಟ್ಟರು. ಆ ದಿನದ ವ್ಯಾಪಾರದಲ್ಲಿ ಆದ ನಷ್ಟ ಪುಸ್ತಕದಲ್ಲಿ ದಾಖಲಾಯಿತು. ಒಬ್ಬ ಹುಡುಗನ ಕೆಲಸ ಉಳಿದದ್ದನ್ನು ಬರೆಯಲು ಅಂಥ ಪುಸ್ತಕಗಳಲ್ಲಿ ಕಲಂ ಇರುವುದಿಲ್ಲ.

ಮಧ್ಯಾಹ್ನ ಅಂಗಡಿ ತೆರಪಾದಾಗ ಅವರು ಹುಡುಗನನ್ನು ಕರೆದು, ಅವನ ಕೈಯನ್ನು ಮೊದಲು ತಣ್ಣನೆಯ ಪಾತ್ರೆಗೂ ಬಳಿಕ ಒಲೆಯ ಬದಿಯ ಗೋಡೆಗೂ ಮುಟ್ಟಿಸಿದರು. ವಿವರಣೆ ಅಷ್ಟೇ.

ಆ ರಾತ್ರಿ ಎರಡು ಗಂಟೆಗೆ ಮ್ಯಾನೇಜರರಿಗೆ ಎಚ್ಚರವಾಯಿತು. ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಗೋಣಿ ಸುತ್ತಿದ ಪಾತ್ರೆಯ ಮುಂದೆ ಹುಡುಗ ತೂಕಡಿಸುತ್ತ ಕುಳಿತಿದ್ದ.

“ಏನಪ್ಪಾ ಇದು?”

“ಉಬ್ಬತೈತೋ ಇಲ್ಲೋ ನೋಡಾಕತ್ತೀನ್ರೀ.”

“ನೀನು ನೋಡಿದರೂ ಉಬ್ಬುತ್ತದೆ, ನೋಡದಿದ್ದರೂ ಉಬ್ಬುತ್ತದೆ. ಹೋಗಿ ಮಲಗು. ಬೆಳಗ್ಗೆ ಜನಕ್ಕೆ ಅವಸರವಿರುತ್ತದೆ.”

ಹುಡುಗ ಎದ್ದು ಹೋದ. ಅವರು ದೀಪ ಆರಿಸುವ ಮುನ್ನ ಮುಚ್ಚಳವನ್ನು ತುಸು ಸರಿಸಿ, ತಾವೂ ಒಮ್ಮೆ ಇಣುಕಿ ನೋಡಿದರು.